ಹೇಳಿಕೆ, ಮೂರು ಪ್ರತಿ

ತಾಲ್ಕಾವಾನೋ ಬಂದರಿನ ಕಾರ್ಮಿಕ ಕಚೇರಿಯಲ್ಲಿ
ಹದಿನಾಲ್ಕು ವರ್ಷ ಟೈಪು ಮಾಡಿದೆ.
ಮೀನಿನ ಹಿಟ್ಟಿನ ವಾಸನೆ ಕಾರ್ಬನ್ ಹಾಳೆಗೂ ಹತ್ತುತ್ತಿತ್ತು.
ಮಾತು ನನ್ನದಲ್ಲ, ಬೆರಳು ಮಾತ್ರ ನನ್ನದು
ಅಂದುಕೊಂಡಿದ್ದೆ, ಆ ಜುಲೈಯ ಮಂಗಳವಾರದ ತನಕ.

ಎಲೆಉತೇರಿಯೋ, ವಿಂಚು ನಡೆಸುವವ,
ಟೋಪಿ ಹಿಂಡುತ್ತ ಕುರ್ಚಿಯ ತುದಿಯಲ್ಲಿ ಕೂತು
ಹೇಳಿದ್ದು ಎರಡೇ ವಾಕ್ಯ:
“ಹಗ್ಗ ಸವೆದಿದೆ ಅಂತ ಅವರಿಗೆ ಮೂರು ಸಲ ಹೇಳಿದ್ದೆ.
ಹಗ್ಗ ಹರಿಯಿತು.”
ಹಗ್ಗದ ಕೆಳಗೆ ಲಿಯೋಕಾದಿಯೋ ಇದ್ದ.
ಅದನ್ನು ಹೇಳಲಿಲ್ಲ; ಹೇಳಬೇಕಾಗಿರಲಿಲ್ಲ.

ಕಂಪನಿಯ ವಕೀಲ ಕೆಟ್ಟವನೇನಲ್ಲ,
ನನ್ನ ಕೆಮ್ಮಿಗೆ ಜೇನುಗುಳಿಗೆ ತಂದುಕೊಟ್ಟವನು.
“ಸುಳ್ಳು ಒಂದಕ್ಷರ ಬೇಡ ಸೆನ್ಯೋರಾ,
ಭಾಷೆ ತುಸು ನೆಟ್ಟಗಾಗಲಿ, ಅಷ್ಟೆ.”
ನೆಟ್ಟಗಾಯಿತು:
“ಹಗ್ಗ ಸವೆದಿದೆ ಎಂಬುದು ಸಾಕ್ಷಿಗೆ ಗೊತ್ತಿತ್ತು.”

ನಿಜವೇ. ಗೊತ್ತಿರದೆ ಹೇಳಿಯಾನೆ ಯಾರಾದರೂ?
‘ಗೆ’ ಎಂಬ ಒಂಟಿ ಅಕ್ಷರ,
ಅಲ್ಲಿಯವರೆಗೆ ಅವರ ಬೆನ್ನಿಗೆ ಅಂಟಿದ್ದು,
ಎದ್ದು, ಮೇಜು ದಾಟಿ,
ಇವನ ಹೆಗಲೇರಿ ಕೂತಿತು.
‘ಮೂರು ಸಲ’ಕ್ಕೆ ಜಾಗ ಸಾಲಲಿಲ್ಲ.
ಕೇಳಿಸಿಕೊಂಡವರು ವಾಕ್ಯದಿಂದ ಇಳಿದು
ಊಟಕ್ಕೆ ಹೋದರು.

ಎರಡನೆಯದಕ್ಕೆ ಹೆಚ್ಚು ಹೊತ್ತು ಹಿಡಿಯಿತು.
ನಮ್ಮ ಮಾತಿನಲ್ಲಿ ‘ಸೆ’ ಎಂದೊಂದು ಚೂರು ಉಂಟು.
‘ಸೆ ಕೊರ್ತೋ’ ಅಂದರೆ ಹರಿಯಿತು, ತಾನಾಗಿ.
ಬರೀ ‘ಕೊರ್ತೋ’ ಅಂದರೆ ಹರಿದ, ಅವನು.
ಎರಡು ಕೀಲಿ, ಒಂದು ಖಾಲಿ: ಅಷ್ಟೇ ಅದರ ಅಗಲ.
ಅದಿರುವ ತನಕ ತಪ್ಪು ಹಗ್ಗದ್ದು,
ಅದು ಹೋದರೆ ಕರ್ತೃಪದಕ್ಕೊಂದು ತಲೆ ಬೇಕು;
ತಲೆ ಎದುರಿಗೇ ಕೂತಿತ್ತು, ಟೋಪಿ ಇಲ್ಲದೆ.

ವಕೀಲ ಅದನ್ನು ಕೀಳಲಿಲ್ಲ, ಅಷ್ಟು ಒರಟನಲ್ಲ.
“ಸಾಕ್ಷಿ ವಿಂಚು ಎಳೆದಾಗ ಹಗ್ಗ ಹರಿಯಿತು.”
‘ಆಗ’ ಅನ್ನುವುದು ಗಡಿಯಾರದ ಮಾತು ತಾನೆ?
ಆದರೆ ನನ್ನ ಬೆರಳಿಗೆ ಗೊತ್ತು,
‘ಆಗ’ ಸುಮ್ಮನೆ ಪಕ್ಕದಲ್ಲಿ ನಿಂತರೆ ಸಾಕು,
ಓದುವವರು ತಾವೇ ‘ಅದಕ್ಕೇ’ ಎಂದು ಓದಿಕೊಳ್ಳುತ್ತಾರೆ.

ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದ ಎಲೆಉತೇರಿಯೋ.
“ಮಾತೆಲ್ಲ ನನ್ನವೇ,” ಅಂದ,
“ಈ ಮನುಷ್ಯ ಯಾರು?”
ಶಾಯಿಯ ಡಬ್ಬಿ ತೆರೆದೇ ಇತ್ತು.
ಮೂರು ಪ್ರತಿಗೂ ಹೆಬ್ಬೆರಳು ಒತ್ತಿದ.

ಕೊನೆಯ ಸಾಲು ಕಚೇರಿಯದು, ಕಂಠಪಾಠ:
“ಓದಿ ಹೇಳಲಾಯಿತು. ಒಪ್ಪಲಾಯಿತು.”
ಹದಿನಾಲ್ಕು ವರ್ಷ ಆ ‘ಲಾಯಿತು’ ಎಂಬ ಲಾಯದಲ್ಲೇ
ಬೆಚ್ಚಗೆ ಮೇವು ತಿಂದವಳು ನಾನು.
ಅವತ್ತು ಏನಾಯಿತೋ, ಹೊಡೆದೆ:
“ಓದಿ ಹೇಳಿದವಳು ನಾನು, ಎದುವೀಹಿಸ್ ಓಯಾರ್ಸೋ.
ಅವನು ಒಪ್ಪಿದನೋ, ನನಗೆ ತಿಳಿಯಲಿಲ್ಲ.”

ವಕೀಲ ಓದಿದ. ನಗಲಿಲ್ಲ. ಹಾಳೆ ಹರಿದ.
ಹರಿಯಿತು ಅಲ್ಲ. ಕಣ್ಣಾರೆ ಕಂಡಿದ್ದೇನೆ.
ಹೊಸ ಹಾಳೆಯಲ್ಲಿ ‘ಸೆ’ ಕೂಡ ಬೇಡವೆಂದ.
ಹೊಡೆದೆ. ಹೊಡೆದವಳು ನಾನೇ.
ಇನ್ನೊಮ್ಮೆ ಹೆಬ್ಬೆರಳು. ಮೂರನೆಯ ಪ್ರತಿಯಲ್ಲಿ
ಗೆರೆಯೇ ಮೂಡಲಿಲ್ಲ, ಬರೀ ಕಪ್ಪು.

ಈಗ ಮೊಮ್ಮಗ ಬಟ್ಟಲು ಒಡೆದು ಓಡಿಬರುತ್ತಾನೆ:
“ಅಜ್ಜಿ, ಸೆ ಮೆ ಕಾಯೋ!”
ಬಿತ್ತು, ತಾನಾಗಿ, ನನ್ನ ಕೈತಪ್ಪಿ.
‘ಬೀಳಿಸಿದೆ’ ಅನ್ನು, ಗದರುತ್ತಾಳೆ ಅವನ ತಾಯಿ,
ಸರಿಯಾಗಿ ಹೇಳುವುದನ್ನು ಕಲಿ.
ನಾನು ಪೊರಕೆ ತರುತ್ತೇನೆ.
ಇರಲಿ ಬಿಡೆ, ಅನ್ನುತ್ತೇನೆ,
ಆ ಚೂರು ಅವನ ಹತ್ತಿರವೇ ಇರಲಿ.